ಹುಲ್ಲಿನೊಳಗಿನ ಕಹಿ: ಸೆಂಟ್ರಲ್ ಪಾರ್ಕಿನಿಂದ ತುಮಕೂರಿನವರೆಗೆ



ಇಂದಿನ ಮಾತಿನ ವಿಷಯ ಹುಲ್ಲು. ಪ್ರಗತಿಪರರ ಕೂಟವೊಂದರಲ್ಲಿ ಯುದ್ಧ, ವಲಸೆ, ಜಾತಿ, ಕೋಮುವಾದಗಳ ಚರ್ಚೆ ನಡೆಯುವುದು ವಾಡಿಕೆ. ಅಲ್ಲಿ ಹುಲ್ಲಿಗೇನು ಕೆಲಸ ಎಂದು ಕೆಲವರಿಗೆ ಅನಿಸಬಹುದು. ಆದರೆ ಎಡಿಸನ್, ಪಾರ್ಸಿಪನಿ, ಪ್ಲೇನ್ಸ್‌ಬರೊ ಕಡೆಗಳಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಮನೆಯ ಸಾಲದ ಜೊತೆಗೆ ಬಂದ ಮೊದಲ ಜವಾಬ್ದಾರಿಯೇ ಹುಲ್ಲು. ಏಪ್ರಿಲ್ ಕಳೆಯುತ್ತಿದ್ದಂತೆ ಬೀದಿಯ ಎರಡೂ ಬದಿಗೆ ಚಿಕ್ಕ ಚಿಕ್ಕ ಬಾವುಟಗಳು ಏಳುತ್ತವೆ. ಔಷಧಿ ಹೊಡೆಯಲಾಗಿದೆ, ಮಕ್ಕಳೂ ನಾಯಿಗಳೂ ಕಾಲಿಡಬಾರದು ಎಂಬುದು ಅವುಗಳ ಸಾರಾಂಶ. ಊರಿನಲ್ಲಿ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ಓಡಾಡಿ ಬೆಳೆದವರು ಇಲ್ಲಿ ಸ್ವಂತ ಅಂಗಳದ ಹುಲ್ಲಿಗೆ ಹೆದರಿ ಕಾಲುದಾರಿಯಲ್ಲಿ ನಿಲ್ಲುತ್ತಾರೆ. ಈ ವಿಚಿತ್ರ ಸ್ಥಿತಿ ಹೇಗೆ ಬಂತು, ಇದಕ್ಕೆ ಬೇರೆ ದಾರಿ ಇತ್ತೇ, ಆ ದಾರಿಯ ಒಡೆತನ ಯಾರದಾಯಿತು ಎಂಬ ಮೂರು ಪ್ರಶ್ನೆಗಳ ಸುತ್ತ ಈ ಮಾತು ಸಾಗುತ್ತದೆ.

ಮೊದಲಿಗೆ ಒಂದು ಸರಳ ಸಂಗತಿ. ಗಿಡಕ್ಕೆ ಕಾಲಿಲ್ಲ. ಹಸಿದ ಹುಳು ಹತ್ತಿರ ಬಂದರೆ ಜಿಂಕೆಯಂತೆ ಓಡುವಂತಿಲ್ಲ. ಹಾಗೆಂದು ಅದು ನಿಸ್ಸಹಾಯಕವಾಗಿ ನಿಂತಿಲ್ಲ. ಕೋಟ್ಯಂತರ ವರ್ಷಗಳಿಂದ ಗಿಡಗಳು ತಮ್ಮ ಒಡಲಿನಲ್ಲಿ ಕಹಿಯನ್ನೂ ಘಾಟನ್ನೂ ನಂಜನ್ನೂ ತಯಾರಿಸುತ್ತ ಬಂದಿವೆ. ಈ ರಾಸಾಯನಿಕಗಳಲ್ಲಿ ಕೆಲವು ಕೀಟವನ್ನು ಕೊಲ್ಲುತ್ತವೆ. ಇನ್ನು ಕೆಲವು ಕೊಲ್ಲುವುದಿಲ್ಲ. ಒಂದು ಕಚ್ಚು ಕಚ್ಚಿದ ಕೀಟ ಬಾಯಿ ತೆಗೆದು ಬೇರೆಡೆಗೆ ಹೋಗುವಂತೆ ಮಾಡುತ್ತವೆ. ಎರಡನೆಯದು ಹೆಚ್ಚು ಸೂಕ್ಷ್ಮವಾದ ಉಪಾಯ. ಅದು ಶತ್ರುವನ್ನು ಮುಗಿಸುವ ಹಟವಲ್ಲ, ತನ್ನ ಎಲೆಯನ್ನು ಉಳಿಸಿಕೊಳ್ಳುವ ವಿವೇಕ.

ಹುಲ್ಲಿನ ಕುಲದಲ್ಲಿ ಇದಕ್ಕೆ ಉದಾಹರಣೆ ಹುಡುಕಲು ಉತ್ತರ ಕರ್ನಾಟಕದವರು ದೂರ ಹೋಗಬೇಕಿಲ್ಲ. ಜೋಳವೂ ಹುಲ್ಲೇ, ರಾಗಿ, ಭತ್ತ, ಕಬ್ಬು, ಗೋಧಿ, ಮೆಕ್ಕೆಜೋಳ, ಬಿದಿರು ಎಲ್ಲವೂ ಹುಲ್ಲಿನ ಬಳಗವೇ. ಎಳೆಯ ಜೋಳದ ಪೈರಿಗೆ, ಕೊಯ್ಲಿನ ನಂತರ ಚಿಗುರಿದ ಕೂಳೆಗೆ, ಮಳೆಯಿಲ್ಲದೆ ಬಾಡಿ ನಿಂತ ಬೆಳೆಗೆ ದನ ಬಿಡಬಾರದು ಎಂಬುದು ವಿಜಾಪುರ, ಕಲಬುರಗಿ ಕಡೆಯ ದನ ಕಾಯುವ ಹುಡುಗರಿಗೂ ಗೊತ್ತಿದ್ದ ಪಾಠ. ಆ ಎಲೆಗಳಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ಅದನ್ನು 1902ರಲ್ಲಿ ಗುರುತಿಸಿದವರು ಬ್ರಿಟಿಷ್ ರಸಾಯನಶಾಸ್ತ್ರಜ್ಞರು. ಹೆಸರು ಬಂದದ್ದು ಅರಬ್ಬಿ ಭಾಷೆಯಲ್ಲಿ ಜೋಳಕ್ಕಿರುವ ‘ದುರಾ’ ಎಂಬ ಪದದಿಂದ. ಎಲೆ ಇಡಿಯಾಗಿದ್ದಾಗ ಧುರಿನ್ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಬೇರೆಬೇರೆಯಾಗಿ ಕುಳಿತಿರುತ್ತವೆ. ಹುಳುವೋ ದನವೋ ಎಲೆಯನ್ನು ಜಗಿದಾಗ ಎರಡೂ ಬೆರೆತು ಸಯನೈಡ್ ಬಿಡುಗಡೆಯಾಗುತ್ತದೆ. ಮೆಕ್ಕೆಜೋಳ, ಗೋಧಿ, ರೈ ಪೈರುಗಳಲ್ಲಿಯೂ ಇಂಥದೇ ಏರ್ಪಾಡು ಉಂಟು. ಅಲ್ಲಿ ಕೆಲಸ ಮಾಡುವ ರಾಸಾಯನಿಕದ ಹೆಸರು ಡಿಂಬೋವಾ. ಕಾಂಡ ಕೊರೆಯುವ ಹುಳುವಿನ ಎಳೆಮರಿಗಳು ಅದು ಹೆಚ್ಚಿರುವ ಎಲೆಯನ್ನು ತಿನ್ನಲು ಹಿಂಜರಿಯುತ್ತವೆ. ಪ್ರಯೋಗಾಲಯ ಹೆಸರಿಡುವ ಮೊದಲೇ ಹೊಲಕ್ಕೆ ಇದು ಗೊತ್ತಿತ್ತು. ಹೊಲಕ್ಕೆ ಗೊತ್ತಿದ್ದುದರ ಕಾರಣವನ್ನು ಪ್ರಯೋಗಾಲಯ ತಿಳಿಸಿತು. ಇವೆರಡರಲ್ಲಿ ಯಾವುದನ್ನೂ ಕೀಳು ಮಾಡುವ ಅಗತ್ಯವಿಲ್ಲ.

ಈಗ ನ್ಯೂಜೆರ್ಸಿಯ ಅಂಗಳಕ್ಕೆ ಬರೋಣ. ಇಲ್ಲಿನ ಹುಲ್ಲುಹಾಸಿಗೆ ಶತ್ರುಗಳು ಹಲವರು. ಎಲೆಯ ಬುಡವನ್ನು ಕತ್ತರಿಸಿ ತಿನ್ನುವ ಸಾಡ್ ವೆಬ್‌ವರ್ಮ್ ಎಂಬ ಕಂಬಳಿಹುಳು, ರಸ ಹೀರುವ ಚಿಂಚ್ ಬಗ್ ಎಂಬ ತಿಗಣೆ ಜಾತಿಯ ಕೀಟ, ಕಾಂಡ ಕೊರೆಯುವ ಬಿಲ್‌ಬಗ್, ಬೇರು ಮೆಲ್ಲುವ ಗೊಣ್ಣೆಹುಳು. ಗೊಣ್ಣೆಹುಳುಗಳಲ್ಲಿ ಕುಖ್ಯಾತವಾದದ್ದು ಜಪಾನಿ ದುಂಬಿಯ ಮರಿ. ಅಮೆರಿಕದಲ್ಲಿ ಆ ದುಂಬಿ ಮೊದಲು ಕಂಡದ್ದು ಇದೇ ರಾಜ್ಯದ ರಿವರ್‌ಟನ್ ಎಂಬ ಊರಿನ ಸಸಿಮಡಿಯಲ್ಲಿ, 1916ರಲ್ಲಿ. ಅಲಂಕಾರದ ಗಿಡಗಳ ಬೇರಿನ ಮಣ್ಣಿನೊಡನೆ ಅದು ಬಂದಿರಬೇಕೆಂಬುದು ತಜ್ಞರ ಅಭಿಪ್ರಾಯ. ವ್ಯಾಪಾರದ ಹಡಗು ತಂದ ಕೀಟಕ್ಕೆ ಒಂದು ದೇಶದ ಹೆಸರಿಟ್ಟು, ವ್ಯಾಪಾರವನ್ನು ಮರೆತುಬಿಟ್ಟದ್ದು ವಲಸಿಗರು ಗಮನಿಸಬೇಕಾದ ಸಂಗತಿ.

ಎರಡನೆಯ ಮಹಾಯುದ್ಧದ ನಂತರ ಉಪನಗರಗಳು ಹಬ್ಬಿದಂತೆ ಹುಲ್ಲುಹಾಸೂ ಹಬ್ಬಿತು. ಅದರ ಬೆನ್ನಿಗೇ ವಿಷವೂ ಬಂತು. 1957ರಲ್ಲಿ ಲಾಂಗ್ ಐಲೆಂಡಿನ ಮೇಲೆ ವಿಮಾನಗಳಿಂದ ಡಿಡಿಟಿ ಸುರಿಯಲಾಯಿತು. ಗುರಿ ಮರಗಳನ್ನು ತಿನ್ನುವ ಜಿಪ್ಸಿ ಪತಂಗ. ಆದರೆ ವಿಷ ಬಿದ್ದದ್ದು ತೋಟ, ಕೊಳ, ಹುಲ್ಲುಗಾವಲು ಎಲ್ಲದರ ಮೇಲೆ. ಪಕ್ಷಿಶಾಸ್ತ್ರಜ್ಞ ರಾಬರ್ಟ್ ಕುಷ್‌ಮನ್ ಮರ್ಫಿ, ಸಾವಯವ ತೋಟ ಮಾಡಿಕೊಂಡಿದ್ದ ಮಾರ್ಜರಿ ಸ್ಪಾಕ್ ಮತ್ತಿತರರು ನ್ಯಾಯಾಲಯಕ್ಕೆ ಹೋದರು, ಸೋತರು. ಆದರೆ ಆ ಮೊಕದ್ದಮೆಯಲ್ಲಿ ಕಲೆಹಾಕಿದ ಸಾಕ್ಷ್ಯ ರೇಚೆಲ್ ಕಾರ್ಸನ್ ಅವರ ಕೈ ಸೇರಿತು. 1962ರಲ್ಲಿ ಅವರ ‘ಸೈಲೆಂಟ್ ಸ್ಪ್ರಿಂಗ್’ ಹೊರಬಂತು. ಸೋತ ಮೊಕದ್ದಮೆಯೊಂದು ಗೆದ್ದ ಪುಸ್ತಕಕ್ಕೆ ಕಾರಣವಾಯಿತು. ಡಿಡಿಟಿ ಹೋಯಿತು, ವಿಷ ಹೋಗಲಿಲ್ಲ. ಅದರ ಸ್ಥಾನದಲ್ಲಿ ಡಯಾಜಿನಾನ್‌ನಂಥವು ಬಂದವು. 1984ರಲ್ಲಿ ಲಾಂಗ್ ಐಲೆಂಡಿನ ಒಂದು ಗಾಲ್ಫ್ ಮೈದಾನದಲ್ಲಿ ಡಯಾಜಿನಾನ್ ಹಾಕಿದ ಹುಲ್ಲನ್ನು ಮೇಯ್ದು ಸುಮಾರು 700 ಬ್ರಾಂಟ್ ಬಾತುಗಳು ಸತ್ತವು. ಆಮೇಲೆ ಗಾಲ್ಫ್ ಮೈದಾನ ಮತ್ತು ಹುಲ್ಲಿನ ತೋಟಗಳಲ್ಲಿ ಅದರ ಬಳಕೆ ನಿಂತಿತು. ಮನೆಯಂಗಳದ ಬಳಕೆಗೆ ಅದು ಮಾರಾಟವಾಗುವುದು ನಿಂತದ್ದು ಮಾತ್ರ 2004ರಲ್ಲಿ. ಶ್ರೀಮಂತರ ಆಟದ ಮೈದಾನಕ್ಕೂ ಸಾಮಾನ್ಯರ ಅಂಗಳಕ್ಕೂ ನಡುವೆ ಇಷ್ಟು ವರ್ಷಗಳ ಅಂತರ ಏಕೆ ಎಂಬ ಪ್ರಶ್ನೆಯನ್ನು ಯಾರೂ ಕೇಳಬಹುದು.

ಆದರೆ ಅದೇ ದಶಕದಲ್ಲಿ, ಲಾಂಗ್ ಐಲೆಂಡಿನಿಂದ ಬಹಳ ದೂರವಲ್ಲದ ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗದ ತಾಕುಗಳಲ್ಲಿ ಹುಲ್ಲು ಬೇರೆಯದೇ ಒಂದು ವಿಷಯವನ್ನು ಹೇಳುತ್ತಿತ್ತು.

ರೀಡ್ ಫಂಕ್ ರಟ್ಗರ್ಸ್‌ನಲ್ಲಿ ಹುಲ್ಲಿನ ತಳಿ ಅಭಿವೃದ್ಧಿಗೆ ಬದುಕನ್ನು ಮುಡಿಪಾಗಿಟ್ಟ ವಿಜ್ಞಾನಿ. ಹೊಸ ಹುಲ್ಲನ್ನು ಹುಡುಕಲು ಅವರು ಹಳೆಯ ಉದ್ಯಾನಗಳಲ್ಲಿ, ಸ್ಮಶಾನಗಳಲ್ಲಿ, ಜನ ತುಳಿದೂ ತುಳಿದೂ ಉಳಿದುಕೊಂಡ ಹುಲ್ಲಿರುವ ಜಾಗಗಳಲ್ಲಿ ಅಲೆದರು. ಅವರ ಮೊದಲ ದೊಡ್ಡ ಯಶಸ್ಸು 1967ರಲ್ಲಿ ಬಿಡುಗಡೆಯಾದ ‘ಮ್ಯಾನ್‌ಹಟನ್’ ಎಂಬ ರೈಗ್ರಾಸ್ ತಳಿ. ಹೆಸರು ಅಲಂಕಾರಕ್ಕೆ ಇಟ್ಟದ್ದಲ್ಲ. ಅದರ ಮೂಲಸಸ್ಯಗಳು ಸಿಕ್ಕಿದ್ದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ, ಕುರಿಗಳ ಮೈದಾನ ಎಂಬರ್ಥದ ಶೀಪ್ ಮೆಡೋನಲ್ಲಿ. 1934ರವರೆಗೆ ಅಲ್ಲಿ ನಿಜವಾಗಿಯೂ ಕುರಿಗಳು ಮೇಯುತ್ತಿದ್ದವು. ಕುರಿಯ ಹಲ್ಲಿಗೂ ನಗರದ ಜನರ ಚಪ್ಪಲಿಗೂ ಒಗ್ಗಿ ಉಳಿದ ಹುಲ್ಲು ಅದು.

ಕೆಲವು ವರ್ಷಗಳ ನಂತರ ಫಂಕ್ ಮತ್ತು ಅವರ ಸಂಗಡಿಗರಿಗೆ ಒಂದು ವಿಚಿತ್ರ ಕಂಡಿತು. ಪ್ರಯೋಗದ ತಾಕುಗಳಿಗೆ ವೆಬ್‌ವರ್ಮ್ ದಾಳಿಯಿಟ್ಟಾಗ ಕೆಲವು ರೈಗ್ರಾಸ್ ತಾಕುಗಳು ಬೋಳಾದವು. ಅವುಗಳ ಮಗ್ಗುಲಲ್ಲೇ ಇದ್ದ ಬೇರೆ ಕೆಲವು ಹಸಿರಾಗಿಯೇ ಉಳಿದವು. ಎರಡೂ ಕಡೆ ಮಣ್ಣು ಒಂದೇ, ನೀರು ಒಂದೇ, ಹುಳು ಒಂದೇ. ಆ ಹೊತ್ತಿಗೆ ನ್ಯೂಜಿಲೆಂಡಿನಿಂದ ಒಂದು ಸುದ್ದಿ ಬಂದಿತ್ತು. ಅಲ್ಲಿ ರೈಗ್ರಾಸ್ ಮೇಯ್ದ ಕುರಿಗಳು ಕಾಲು ತೊಡರಿ ನಡುಗಿ ಬೀಳುವ ಕಾಯಿಲೆಗೆ ಹುಲ್ಲಿನೊಳಗೆ ವಾಸಿಸುವ ಒಂದು ಶಿಲೀಂಧ್ರ ಕಾರಣವೆಂದು 1981ರಲ್ಲಿ ತಿಳಿದಿತ್ತು. ಮರುವರ್ಷ ಇನ್ನೊಂದು ಮುಖ ಕಂಡಿತು: ಆ ಶಿಲೀಂಧ್ರವಿದ್ದ ಹುಲ್ಲನ್ನು ಅರ್ಜೆಂಟೀನಾದ ಕಾಂಡಕೊರಕ ಮುಟ್ಟುತ್ತಿರಲಿಲ್ಲ. ರಟ್ಗರ್ಸ್‌ನವರು ತಮ್ಮ ಹಸಿರು ತಾಕುಗಳ ಹುಲ್ಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು, ಅಲ್ಲಿಯೂ ಶಿಲೀಂಧ್ರವಿತ್ತು. 1983ರಲ್ಲಿ ಫಂಕ್ ಮತ್ತು ಸಹೋದ್ಯೋಗಿಗಳು ಇದನ್ನು ಪ್ರಕಟಿಸಿದರು.

ಈ ಶಿಲೀಂಧ್ರದ ಬದುಕು ಬೆರಗು ಹುಟ್ಟಿಸುವಂಥದು. ಇದು ಎಲೆಯ ಮೇಲೆ ಬೂಷ್ಟಿನಂತೆ ಕಾಣುವುದಿಲ್ಲ. ಹುಲ್ಲಿನ ಜೀವಕೋಶಗಳ ನಡುವಿನ ಸಂದುಗಳಲ್ಲಿ ನವಿರಾದ ಎಳೆಗಳಾಗಿ ಹಬ್ಬಿರುತ್ತದೆ. ಹುಲ್ಲು ಹೂಬಿಟ್ಟಾಗ ಬೀಜದೊಳಕ್ಕೆ ಸರಿಯುತ್ತದೆ. ಬೀಜ ಮೊಳೆತಾಗ ಮೊಳಕೆಯ ಜೊತೆ ಏಳುತ್ತದೆ. ತಾಯಿ ಹುಲ್ಲಿನಿಂದ ಮಗಳ ಹುಲ್ಲಿಗೆ, ತವರಿನ ಬಳುವಳಿಯಂತೆ ಸಾಗುತ್ತದೆ. ಹುಲ್ಲು ಅದಕ್ಕೆ ಅನ್ನವನ್ನೂ ನೆರಳನ್ನೂ ಕೊಡುತ್ತದೆ. ಅದು ಹುಲ್ಲಿಗೆ ಕಹಿಯನ್ನು ಕೊಡುತ್ತದೆ. ಆ ಕಹಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಆಲ್ಕಲಾಯ್ಡ್‌ಗಳಿವೆ. ಪೆರಮಿನ್ ಕೀಟದ ಬಾಯಿ ಕಟ್ಟುತ್ತದೆ. ತಿನ್ನುವುದನ್ನು ತಡೆಯುವ ಗುಣದಲ್ಲಿ ಇದೇ ಹೆಸರಾದದ್ದು. ಲೋಲಿನ್‌ಗಳು ಹಲವು ಕೀಟಗಳಿಗೆ ನೇರವಾಗಿಯೇ ನಂಜು. ಎರ್ಗೋವಲಿನ್ ಕೀಟವನ್ನೂ ದನವನ್ನೂ ಕಾಡುತ್ತದೆ. ಲೋಲಿಟ್ರೆಮ್ ಕುರಿಗಳನ್ನು ನಡುಗಿಸುತ್ತದೆ. ಹುಲ್ಲಿನ ಸ್ವರಕ್ಷಣೆ ಎಂದು ಹೊರಗಿನಿಂದ ಕಂಡದ್ದು ನಿಜವಾಗಿ ಎರಡು ಜೀವಗಳ ಸಹಬಾಳ್ವೆಯ ಫಲ. ಒಳಗೆ ಬಂದು ನೆಲೆಸಿದವನನ್ನು ಪರಕೀಯನೆಂದು ಕಿತ್ತೊಗೆದರೆ ಮನೆಯೇ ಬೋಳಾಗುತ್ತದೆ. ನ್ಯೂಜಿಲೆಂಡಿನಲ್ಲಿ ಹಾಗೆಯೇ ಆಯಿತು. ಕುರಿಗಳ ಹಿತಕ್ಕೆಂದು ಶಿಲೀಂಧ್ರವಿಲ್ಲದ ಬೀಜ ಬಿತ್ತಿದ ಹುಲ್ಲುಗಾವಲುಗಳನ್ನು ಕಾಂಡಕೊರಕ ತಿಂದುಹಾಕಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಸಹಜವಾದದ್ದೆಲ್ಲ ಸಾಧುವಾದದ್ದು ಎಂಬ ನಂಬಿಕೆ ಇಂದು ದೊಡ್ಡ ಮಾರುಕಟ್ಟೆಯಾಗಿದೆ. ಹುಲ್ಲಿನ ಕಥೆ ಆ ನಂಬಿಕೆಯನ್ನು ಒಪ್ಪುವುದಿಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ 1943ರಲ್ಲಿ ಬಿಡುಗಡೆಯಾದ ‘ಕೆಂಟಕಿ 31’ ಎಂಬ ಫೆಸ್ಕ್ಯೂ ಹುಲ್ಲು ಬರಗಾಲ ತಡೆಯುತ್ತದೆ ಎಂದು ಲಕ್ಷಾಂತರ ಎಕರೆಗೆ ಹಬ್ಬಿತು. ಅದನ್ನು ಮೇಯ್ದ ದನಗಳು ಬಡಕಲಾದವು, ಹಾಲು ಬತ್ತಿತು, ಚಳಿಗಾಲದಲ್ಲಿ ಗೊರಸು ಕೊಳೆತವು. ಜಾರ್ಜಿಯಾದಲ್ಲಿ ಚಾರ್ಲ್ಸ್ ಬೇಕನ್ ಮತ್ತು ಸಂಗಡಿಗರು 1977ರಲ್ಲಿ ಅದರೊಳಗಿನ ಶಿಲೀಂಧ್ರದ ಕಡೆ ಬೆರಳು ತೋರಿಸಿದರು. ಅದೇ ರಾಸಾಯನಿಕ ಅಂಗಳದಲ್ಲಿ ರಕ್ಷಕ, ಹುಲ್ಲುಗಾವಲಿನಲ್ಲಿ ಭಕ್ಷಕ. ಪ್ರಶ್ನೆ ‘ಸಹಜವೋ ಕೃತಕವೋ’ ಎಂಬುದಲ್ಲ. ಯಾವುದು, ಎಲ್ಲಿ, ಎಷ್ಟು, ಯಾರಿಗೆ ಎಂಬುದು. ನ್ಯೂಜಿಲೆಂಡಿನ ವಿಜ್ಞಾನಿಗಳು ಮುಂದೆ ಪೆರಮಿನ್ ತಯಾರಿಸುವ, ಲೋಲಿಟ್ರೆಮ್ ತಯಾರಿಸದ ಶಿಲೀಂಧ್ರದ ಬಗೆಯನ್ನು ಹುಡುಕಿ ರೈಗ್ರಾಸಿಗೆ ಸೇರಿಸಿದರು. ಕುರಿಯೂ ಉಳಿಯಿತು, ಹುಲ್ಲೂ ಉಳಿಯಿತು. ವಿವೇಚನೆಯ ಫಲ ಇದು, ಭಕ್ತಿಯ ಫಲವಲ್ಲ.

ಮಿತಿಗಳೂ ಇವೆ. ಶಿಲೀಂಧ್ರದ ಕಹಿ ಎಲೆಯ ಬುಡದಲ್ಲಿ ಹೆಚ್ಚು, ಬೇರಿನಲ್ಲಿ ಕಡಿಮೆ. ಹೀಗಾಗಿ ವೆಬ್‌ವರ್ಮ್, ಚಿಂಚ್ ಬಗ್, ಬಿಲ್‌ಬಗ್‌ಗಳ ವಿರುದ್ಧ ಅದು ಸಮರ್ಥ, ಬೇರು ತಿನ್ನುವ ಗೊಣ್ಣೆಹುಳುವಿನ ಮುಂದೆ ದುರ್ಬಲ. ಇಲ್ಲಿ ಎಲ್ಲರೂ ಇಷ್ಟಪಡುವ ಕೆಂಟಕಿ ಬ್ಲೂಗ್ರಾಸ್‌ನ ಪ್ರಚಲಿತ ತಳಿಗಳಲ್ಲಿ ಈ ಶಿಲೀಂಧ್ರ ಇರುವುದಿಲ್ಲ. ಬೀಜದ ಚೀಲ ಬೆಚ್ಚನೆಯ ಗೋದಾಮಿನಲ್ಲಿ ಒಂದೆರಡು ವರ್ಷ ಕುಳಿತರೆ ಬೀಜ ಬದುಕಿದ್ದರೂ ಒಳಗಿನ ಶಿಲೀಂಧ್ರ ಸತ್ತಿರಬಹುದು. ಇಷ್ಟೆಲ್ಲ ಮಿತಿಗಳ ನಡುವೆಯೂ ಒಂದು ಸತ್ಯ ಉಳಿಯುತ್ತದೆ: ಸರಿಯಾದ ಬೀಜ ಬಿತ್ತಿದ ಅಂಗಳದಲ್ಲಿ ಎಲೆ ತಿನ್ನುವ ಹುಳುಗಳಿಗಾಗಿ ಪ್ರತಿವರ್ಷ ವಿಷ ಸುರಿಯುವ ಅಗತ್ಯವಿಲ್ಲ ಎಂಬುದು ಇದೇ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ 1980ರ ದಶಕದಿಂದಲೇ ಗೊತ್ತಿದೆ. ಆದರೂ ಬಾವುಟಗಳು ಏಳುತ್ತಲೇ ಇವೆ. ವಿಷದ ಮಾರಾಟಗಾರ ಪ್ರತಿವರ್ಷ ಬಾಗಿಲು ತಟ್ಟುತ್ತಾನೆ. ಒಮ್ಮೆ ಬಿತ್ತಿದರೆ ಸಾಕಾಗುವ ಬೀಜಕ್ಕೆ ಅಂಥ ಉತ್ಸಾಹಿ ಪ್ರಚಾರಕರಿಲ್ಲ.

ಇಲ್ಲಿಂದ ಕಥೆ ಭಾರತದ ಕಡೆ ಹೊರಳುತ್ತದೆ. ಹುಲ್ಲಿಗೆ ತನ್ನ ಕಹಿ ಸಾಲದಿದ್ದಾಗ ಬೇರೆ ಗಿಡದ ಕಹಿಯನ್ನು ಸಾಲ ತರಬಹುದು. ಬೇವಿನ ಕಹಿ ಅಂಥದು. ಕಣಜದ ಧಾನ್ಯದ ನಡುವೆ ಬೇವಿನ ಎಲೆ, ಗದ್ದೆಗೆ ಬೇವಿನ ಹಿಂಡಿ, ಸೀತಾಳೆಯ ಕಾಲದಲ್ಲಿ ಬಾಗಿಲಿಗೆ ಬೇವಿನ ಸೊಪ್ಪು, ಯುಗಾದಿಗೆ ಬೆಲ್ಲದೊಡನೆ ಬೇವು: ಇವೆಲ್ಲ ಈ ಸಭೆಗೆ ಹೊಸತಲ್ಲ. ಆಧುನಿಕ ವಿಜ್ಞಾನ ಈ ಕಹಿಯನ್ನು ಗಂಭೀರವಾಗಿ ನೋಡಿದ್ದು ಮಿಡತೆಗಳ ಮೂಲಕ. 1959ರಲ್ಲಿ ಸುಡಾನಿನಲ್ಲಿದ್ದ ಜರ್ಮನ್ ಕೀಟಶಾಸ್ತ್ರಜ್ಞ ಹೈನ್ರಿಶ್ ಷ್ಮುಟರರ್ ಮಿಡತೆಯ ದಂಡು ಎಲ್ಲ ಹಸಿರನ್ನು ಮುಗಿಸಿ ಬೇವಿನ ಮರವನ್ನು ಮಾತ್ರ ಬಿಟ್ಟುಹೋದುದನ್ನು ಕಂಡರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೇವಿನ ಬೀಜದ ತಿರುಳನ್ನು ಅರೆದು ನೀರಿನಲ್ಲಿ ಕದಡಿ ಪೈರಿಗೆ ಸಿಂಪಡಿಸಿದಾಗ ಹಸಿದ ಮಿಡತೆಗಳು ಆ ಎಲೆಯನ್ನು ತಿನ್ನಲು ಒಪ್ಪಲಿಲ್ಲ. ಅವರ ವರದಿ ಪ್ರಕಟವಾದದ್ದು 1962ರಲ್ಲಿ, ಕಾರ್ಸನ್ ಅವರ ಪುಸ್ತಕ ಬಂದ ವರ್ಷವೇ. ಒಂದು ಖಂಡದಲ್ಲಿ ವಿಷದ ಲೆಕ್ಕ ಬರೆಯುತ್ತಿದ್ದಾಗ ಇನ್ನೊಂದರಲ್ಲಿ ಪರ್ಯಾಯದ ಮೊದಲ ಲೆಕ್ಕ ಬರೆದಾಗಿತ್ತು. ಎರಡನ್ನೂ ಒಟ್ಟಿಗೆ ಓದಿದವರು ವಿರಳ.

ಆ ಕಹಿಯ ಮುಖ್ಯ ವಸ್ತು ಅಜಡಿರಾಕ್ಟಿನ್. ಅದನ್ನು ಇಂಗ್ಲೆಂಡಿನಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ 1968ರಲ್ಲಿ ಬೇರ್ಪಡಿಸಿದರು. ಅದರ ರಚನೆಯನ್ನು ಬಿಡಿಸುವ ಕಷ್ಟದ ಕೆಲಸದಲ್ಲಿ ತೊಡಗಿದವರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕೋಜಿ ನಾಕಾನಿಶಿ ಒಬ್ಬರು. ಅವರ ತಂಡ 1975ರಲ್ಲಿ ಒಂದು ರಚನೆಯನ್ನು ಮುಂದಿಟ್ಟಿತು. ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಅದನ್ನು ತಿದ್ದಿ ಖಚಿತಪಡಿಸುವ ಹೊತ್ತಿಗೆ 1985 ಬಂದಿತ್ತು. ಅಂಬೇಡ್ಕರ್ ಓದಿದ ಆ ವಿಶ್ವವಿದ್ಯಾಲಯದ ಅಂಗಳಕ್ಕೆ ಹೋಗುವ ಕನ್ನಡಿಗರು ಅಲ್ಲಿ ಬೇವಿಗೂ ಒಂದು ವಿಳಾಸವಿದ್ದುದನ್ನು ನೆನೆಯಬಹುದು.

ಜ್ಞಾನ ಹೀಗೆ ಹೊಲದಿಂದ ಪ್ರಯೋಗಾಲಯಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿದಾಗ ಯಾರಿಗೂ ನಷ್ಟವಾಗಲಿಲ್ಲ. ನಷ್ಟ ಶುರುವಾದದ್ದು ಅದಕ್ಕೆ ಬೇಲಿ ಬಿದ್ದಾಗ.

ಮ್ಯಾನ್‌ಹಟನ್ನಿನ 42ನೆಯ ಬೀದಿಯಲ್ಲಿ, ಬ್ರಯಂಟ್ ಪಾರ್ಕಿನ ಎದುರು, ಕೆಳಗೆ ಅಗಲವಾಗಿ ಬಾಗಿ ನೆಲಕ್ಕಿಳಿಯುವ ಬಿಳಿಯ ಗಗನಚುಂಬಿಯೊಂದಿದೆ: ಗ್ರೇಸ್ ಕಟ್ಟಡ. ಡಬ್ಲ್ಯು. ಆರ್. ಗ್ರೇಸ್ ಕಂಪನಿಗಾಗಿ 1970ರ ದಶಕದಲ್ಲಿ ಎದ್ದದ್ದು. ಕಂಪನಿಯ ಸ್ಥಾಪಕ ವಿಲಿಯಂ ರಸೆಲ್ ಗ್ರೇಸ್ ಐರ್ಲೆಂಡಿನಿಂದ ಹೊರಟ ವಲಸಿಗ. ಪೆರು ದೇಶದ ಗ್ವಾನೊ, ಅಂದರೆ ಕಡಲಹಕ್ಕಿಗಳ ಹಿಕ್ಕೆಯ ಗೊಬ್ಬರದ ವ್ಯಾಪಾರದಲ್ಲಿ ಸಂಪತ್ತು ಗಳಿಸಿ ನ್ಯೂಯಾರ್ಕಿನ ಮೇಯರ್ ಆದವನು. 1885ರಲ್ಲಿ ಫ್ರಾನ್ಸಿನಿಂದ ಬಂದ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ನಗರದ ಪರವಾಗಿ ಬರಮಾಡಿಕೊಂಡವನು. ಒಂದು ಶತಮಾನದ ನಂತರ ಅವನ ಹೆಸರಿನ ಕಂಪನಿ ಬೇವಿನ ಕಡೆ ತಿರುಗಿತು. ಮರದ ವ್ಯಾಪಾರಿ ರಾಬರ್ಟ್ ಲಾರ್ಸನ್ ಬೇವಿನ ಸಾರದಿಂದ ‘ಮಾರ್ಗೊಸಾನ್-ಓ’ ಎಂಬ ಕೀಟನಾಶಕ ಮಾಡಿ 1985ರಲ್ಲಿ ಅಮೆರಿಕದ ಸರ್ಕಾರದ ಅನುಮತಿ ಪಡೆದಿದ್ದ. 1988ರಲ್ಲಿ ಅದರ ಹಕ್ಕು ಗ್ರೇಸ್ ಕಂಪನಿಯ ಪಾಲಾಯಿತು. 1992ರಲ್ಲಿ, ಬೇಗ ಕೆಡದಂತೆ ಇಡಬಹುದಾದ ಬೇವಿನ ದ್ರಾವಣಕ್ಕೆ ಕಂಪನಿ ಅಮೆರಿಕದಲ್ಲಿ ಪೇಟೆಂಟ್ ಪಡೆಯಿತು. ಪಿ. ಜೆ. ಮಾರ್ಗೊ ಎಂಬ ಭಾರತೀಯ ಸಂಸ್ಥೆಯ ಜೊತೆ ಸೇರಿ ತುಮಕೂರಿನಲ್ಲಿ ದಿನಕ್ಕೆ 20 ಟನ್‌ವರೆಗೆ ಬೇವಿನ ಬೀಜ ಅರೆಯುವ ಕಾರ್ಖಾನೆ ತೆರೆಯಿತು. 42ನೆಯ ಬೀದಿಗೂ ತುಮಕೂರಿಗೂ ನಂಟು ಬೆಸೆದದ್ದು ಹೀಗೆ.

ಕಂಪನಿಯ ವಾದವನ್ನು ನ್ಯಾಯವಾಗಿ ಕೇಳಬೇಕು. ಬೇವಿನ ಕಷಾಯ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ರೈತ ಅದನ್ನು ಆಗಾಗ ಹೊಸದಾಗಿ ಮಾಡಿಕೊಳ್ಳಬೇಕು. ಬಾಟಲಿಯಲ್ಲಿ ತಿಂಗಳುಗಟ್ಟಲೆ ಉಳಿಯುವಂತೆ ಮಾಡಿದ್ದು ಹೊಸ ಶೋಧನೆ. ಮರಕ್ಕೆ ಯಾರೂ ಪೇಟೆಂಟ್ ಕೇಳಿಲ್ಲ ಎಂಬುದು ಅದರ ನಿಲುವು. ಇದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಎದುರುವಾದ ಇನ್ನೂ ಆಳವಾದದ್ದು. ಬೇವು ಕೀಟವನ್ನು ತಡೆಯುತ್ತದೆ ಎಂಬ ಅರಿವೇ ಇಲ್ಲದಿದ್ದರೆ ಅದನ್ನು ಬಾಟಲಿಗೆ ತುಂಬುವ ಯೋಚನೆ ಯಾರಿಗೆ ಬರುತ್ತಿತ್ತು? ನೂರು ಮೆಟ್ಟಿಲುಗಳ ಕೊನೆಯ ಮೆಟ್ಟಿಲನ್ನು ಕಟ್ಟಿದವನು ಇಡೀ ಗೋಪುರಕ್ಕೆ ಬೀಗ ಹಾಕಬಹುದೇ? ಬಿಟ್ಟಿಯಾಗಿ ಸಿಗುತ್ತಿದ್ದ ಬೀಜಕ್ಕೆ ಕಾರ್ಖಾನೆಯ ಬೇಡಿಕೆ ಬಂದರೆ ಹಿಂಡಿ ಹಾಕುವ ಸಣ್ಣ ರೈತ ಎಲ್ಲಿಗೆ ಹೋಗಬೇಕು?

ಅದು ಕರ್ನಾಟಕದ ಹೊಲಗಳಲ್ಲಿ ಗ್ಯಾಟ್ ಒಪ್ಪಂದದ ಹೆಸರು ಬಾಯಿಂದ ಬಾಯಿಗೆ ಹರಿದ ಕಾಲ. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಹೊರಗೆಸೆದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ಘಟಕವನ್ನು ಕೆಡವಿದರು. ಆ ಮಾರ್ಗದ ಬಗ್ಗೆ ಅಂದೂ ಭಿನ್ನಾಭಿಪ್ರಾಯವಿತ್ತು, ಇಂದೂ ಇರಬಹುದು. ಆದರೆ ಬೀಜದ ಮೇಲೆ, ಗಿಡದ ಗುಣದ ಮೇಲೆ ಖಾಸಗಿ ಒಡೆತನ ಎಂದರೇನು ಎಂಬ ಪ್ರಶ್ನೆಯನ್ನು ವಕೀಲರ ಕೋಣೆಯಿಂದ ಹಳ್ಳಿಯ ಕಟ್ಟೆಗೆ ತಂದದ್ದು ಹಸಿರು ಶಾಲಿನ ಆ ಚಳವಳಿ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಯುರೋಪಿನಲ್ಲಿ ಹೋರಾಟ ಕಾನೂನಿನ ಹಾದಿ ಹಿಡಿಯಿತು. ಬೇವಿನ ಎಣ್ಣೆಯಿಂದ ಬೆಳೆಯ ಶಿಲೀಂಧ್ರರೋಗ ತಡೆಯುವ ವಿಧಾನಕ್ಕೆ ಗ್ರೇಸ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆ ಜಂಟಿಯಾಗಿ 1994ರಲ್ಲಿ ಪೇಟೆಂಟ್ ಪಡೆದಿದ್ದವು. 1995ರಲ್ಲಿ ವಂದನಾ ಶಿವ, ಯುರೋಪಿನ ಸಂಸತ್ತಿನ ಹಸಿರು ಪಕ್ಷದ ಮಗ್ದಾ ಆಲ್‌ವೂಟ್ ಮತ್ತು ಸಾವಯವ ಕೃಷಿಯ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ಪ್ರಶ್ನಿಸಿದವು. ಮೂವರು ಹೆಂಗಸರು ಮುಂದೆ ನಿಂತು ನಡೆಸಿದ ವ್ಯಾಜ್ಯ ಅದು. ಒಕ್ಕೂಟದ ಪರವಾಗಿ ನಿಂತವರು ಲಿಂಡಾ ಬುಲ್ಲಾರ್ಡ್. 2000ದ ಮೇ ತಿಂಗಳಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅದನ್ನು ರದ್ದುಪಡಿಸಿತು. ಮೇಲ್ಮನವಿ 2005ರ ಮಾರ್ಚ್ 8ರಂದು, ಅಂತರರಾಷ್ಟ್ರೀಯ ಮಹಿಳಾ ದಿನದಂದು, ಬಿದ್ದುಹೋಯಿತು. ಆದರೆ ಅಮೆರಿಕದ ಪೇಟೆಂಟನ್ನು ಆ ತೀರ್ಪು ಮುಟ್ಟಲಿಲ್ಲ. ಗೆಲುವನ್ನು ನೆನೆಯುವಾಗ ಈ ಮಿತಿಯನ್ನೂ ನೆನೆಯಬೇಕು.

ಇನ್ನೊಂದು ಸೂಕ್ಷ್ಮವೂ ಉಂಟು. 2000ದ ತೀರ್ಪಿನಲ್ಲಿ ತೂಕ ಪಡೆದದ್ದು ಗತವೈಭವದ ಘೋಷಣೆಯಲ್ಲ. ಅರ್ಜಿಗೂ ಮೊದಲೇ ಭಾರತದಲ್ಲಿ ಬೇವಿನ ಸಾರವನ್ನು ಹೊಲದಲ್ಲಿ ಪ್ರಯೋಗಿಸಿ ನೋಡಿದ್ದ ಉದ್ಯಮಿಯೊಬ್ಬರ ಖಚಿತ ಸಾಕ್ಷ್ಯ. ‘ನಮ್ಮ ಋಷಿಗಳಿಗೆ ಎಲ್ಲ ಗೊತ್ತಿತ್ತು’ ಎಂಬ ಮಾತು ಇಂದು ಎಡಿಸನ್ನಿನ ಸಭಾಂಗಣಗಳಲ್ಲಿಯೂ ಚಪ್ಪಾಳೆ ಗಿಟ್ಟಿಸುತ್ತದೆ. ಬೇವಿನ ಹಿಂಡಿಯನ್ನು ಕೆಸರಿನಲ್ಲಿ ತುಳಿದವರು, ಬೀಜ ಆಯ್ದು ಒಣಗಿಸಿದವರು, ಕಣಜಕ್ಕೆ ಸೊಪ್ಪು ಹಾಕಿದವರು ಹೆಂಗಸರು, ಕೂಲಿಯಾಳುಗಳು, ಅಕ್ಷರದಿಂದ ದೂರ ಇಡಲ್ಪಟ್ಟವರು. ಆ ಅರಿವನ್ನು ಕಂಪನಿಗೆ ಬಿಟ್ಟುಕೊಡದಿರುವುದು ಎಷ್ಟು ಮುಖ್ಯವೋ ಮಠ ಮಂದಿರಗಳಿಗೆ ಬಿಟ್ಟುಕೊಡದಿರುವುದೂ ಅಷ್ಟೇ ಮುಖ್ಯ. ಮೊದಲನೆಯದು ಹಣದ ಬೇಲಿ. ಎರಡನೆಯದು ಹೆಮ್ಮೆಯ ಬೇಲಿ. ಎರಡರ ಹೊರಗೂ ನಿಂತವರು ಅದೇ ಜನ.

ಮತ್ತೆ ಸೆಂಟ್ರಲ್ ಪಾರ್ಕಿನ ಹುಲ್ಲಿನ ಕಡೆ ನೋಡಿದರೆ ಒಂದು ಸಾಮ್ಯ ಹೊಳೆಯುತ್ತದೆ. ಆ ಹುಲ್ಲೂ ಸಾರ್ವಜನಿಕರ ಮೈದಾನದಿಂದಲೇ ಬಂದದ್ದು. 1970ರಲ್ಲಿ ಅಮೆರಿಕ ಬೀಜದ ತಳಿಗಳಿಗೆ ಒಡೆತನದ ಹಕ್ಕು ಕೊಡುವ ಕಾಯ್ದೆ ಮಾಡಿತು. ಆಮೇಲಿನ ಹುಲ್ಲಿನ ತಳಿಗಳು ಅದರ ರಕ್ಷಣೆ ಪಡೆದವು. ಒರೆಗಾನ್ ರಾಜ್ಯದಲ್ಲಿ ಬೆಳೆದ ಬೀಜದ ಮೇಲೆ ರಾಯಧನ ರಟ್ಗರ್ಸ್‌ಗೆ ಹರಿಯಿತು. ಆ ಹಣ ಸಾರ್ವಜನಿಕ ಸಂಶೋಧನೆಗೆ ಮರಳಿತು ಎಂಬುದು ದೊಡ್ಡ ವ್ಯತ್ಯಾಸ. ಒಡೆತನ ಎಂಬುದೆಲ್ಲ ಒಂದೇ ಬಗೆಯದಲ್ಲ. ಲಾಭ ಯಾರ ಬಳಿಗೆ ಮರಳುತ್ತದೆ ಎಂಬುದನ್ನು ಪ್ರತಿ ಸಲ ಕೇಳಬೇಕು. ಭಾರತ 2001ರಲ್ಲಿ ತಳಿಗಳ ಸಂರಕ್ಷಣೆಯ ಕಾಯ್ದೆ ಮಾಡಿದಾಗ ಅದರ ಹೆಸರಿನಲ್ಲಿಯೇ ರೈತರ ಹಕ್ಕುಗಳನ್ನು ಸೇರಿಸಿತು. ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ಬರೆದಿಟ್ಟಿತು. ಕೀನ್ಯಾದಲ್ಲಿ ಕೀಟಶಾಸ್ತ್ರದ ಅಂತರರಾಷ್ಟ್ರೀಯ ಕೇಂದ್ರವಾದ ಇಸಿಪೆ 1990ರ ದಶಕದಿಂದ ಇನ್ನೊಂದು ಮಾದರಿಯನ್ನು ತೋರಿಸಿದೆ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಗಿಡ. ಅದರ ವಾಸನೆಗೆ ಕಾಂಡಕೊರಕದ ಪತಂಗ ದೂರ ಸರಿಯುತ್ತದೆ. ಹೊಲದ ಅಂಚಿಗೆ ನೇಪಿಯರ್ ಹುಲ್ಲು. ಪತಂಗ ಅಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಹೆಚ್ಚಾಗಿ ಬದುಕುವುದಿಲ್ಲ. ಎರಡೂ ದನಕ್ಕೆ ಮೇವು. ಬಾಟಲಿಯಿಲ್ಲ, ಬೀಗವಿಲ್ಲ, ಒಬ್ಬ ರೈತಳ ಹೊಲ ನೋಡಿ ಇನ್ನೊಬ್ಬಳು ಕಲಿಯುತ್ತಾಳೆ.

ಕೊನೆಗೆ, ಈ ನೆಲದ ಕರ್ತವ್ಯ. ನ್ಯೂಜೆರ್ಸಿ 2022ರ ಜನವರಿಯಲ್ಲಿ ಜೇನುಹುಳುಗಳಿಗೆ ಮಾರಕವಾದ ನಿಯೋನಿಕೊಟಿನಾಯ್ಡ್ ಕೀಟನಾಶಕಗಳನ್ನು ಮನೆಯಂಗಳದಂಥ ಕಡೆ ಬಳಸುವುದಕ್ಕೆ ಕಡಿವಾಣ ಹಾಕಿತು. ನ್ಯೂಯಾರ್ಕ್ 2023ರ ಕೊನೆಯಲ್ಲಿ ಮೆಕ್ಕೆಜೋಳ, ಸೋಯಾ, ಗೋಧಿ ಬೀಜಗಳಿಗೆ ಅವನ್ನು ಲೇಪಿಸುವುದನ್ನೂ ಹಂತ ಹಂತವಾಗಿ ನಿಲ್ಲಿಸುವ ಕಾಯ್ದೆ ಮಾಡಿತು. ನ್ಯೂಯಾರ್ಕ್ ನಗರ 2021ರಲ್ಲಿ ತನ್ನ ಉದ್ಯಾನಗಳಲ್ಲಿ ಕೃತಕ ಕೀಟನಾಶಕಗಳ ಬಳಕೆಯನ್ನು ಬಹುಮಟ್ಟಿಗೆ ನಿರ್ಬಂಧಿಸಿತು. ಇವು ತಾವಾಗಿ ಆದವಲ್ಲ. ನಾಗರಿಕರು ಸಭೆಗಳಿಗೆ ಹೋಗಿ, ಅರ್ಜಿ ಬರೆದು, ಪಟ್ಟು ಹಿಡಿದು ಮಾಡಿಸಿದವು. ಆ ಸಭೆಗಳಲ್ಲಿ ಕನ್ನಡದ ಹೆಸರುಗಳೂ ಕೇಳಿಬರಬೇಕು.

ಬೀಜ ಕೊಳ್ಳುವಾಗ ಎಂಡೋಫೈಟ್ ಇರುವ ರೈಗ್ರಾಸ್, ಫೆಸ್ಕ್ಯೂಗಳನ್ನು ಕೇಳುವುದು, ಚೀಲದ ಮೇಲಿನ ಪರೀಕ್ಷೆಯ ದಿನಾಂಕ ನೋಡುವುದು, ದನ ಕುರಿ ಮೇಯುವ ನೆಲಕ್ಕೆ ಆ ಬೀಜ ಹಾಕದಿರುವುದು, ಹುಲ್ಲಿನ ನಡುವೆ ನಾಲ್ಕು ಕ್ಲೋವರ್ ಹೂ ಕಂಡರೆ ಅದನ್ನು ಅಪಮಾನವೆಂದು ಭಾವಿಸದಿರುವುದು: ಇವು ಸಣ್ಣ ಕೆಲಸಗಳು. ಆದರೆ ಬಾವುಟ ನೆಡುವ ಮುನ್ನ ಬೆನ್ನಿಗೆ ವಿಷದ ಡಬ್ಬಿ ಹೊತ್ತು ಅಂಗಳದಲ್ಲಿ ನಡೆಯುವವನೊಬ್ಬನಿದ್ದಾನೆ. ಬಹುಪಾಲು ಅವನೂ ವಲಸಿಗನೇ, ಗ್ವಾಟೆಮಾಲದಿಂದಲೋ ಮೆಕ್ಸಿಕೋದಿಂದಲೋ ಬಂದವನು. ಕಾಗದಪತ್ರ ಸರಿಯಿಲ್ಲದಿದ್ದರೆ ಉಸಿರು ಕಟ್ಟಿದರೂ ದೂರು ಕೊಡಲಾರ. ಹಾವೇರಿಯ ಹತ್ತಿ ಹೊಲದಲ್ಲಿ ಮೂಗಿಗೆ ಟವೆಲು ಕಟ್ಟಿ ಸಿಂಪಡಿಸುವವನಿಗೂ ಇವನಿಗೂ ನಡುವೆ ಇರುವುದು ಒಂದು ಸಮುದ್ರ ಮಾತ್ರ. ಮಕ್ಕಳು ಎರಡು ದಿನ ಕಾಲಿಡಬಾರದ ಹುಲ್ಲಿನ ಮೇಲೆ ಅವನು ದಿನವಿಡೀ ನಡೆಯುತ್ತಾನೆ. ಬಾವುಟದ ಮೇಲಿನ ಎಚ್ಚರಿಕೆ ಅವನಿಗಾಗಿ ಬರೆದದ್ದಲ್ಲ.

ಹುಲ್ಲು ತನ್ನೊಳಗೆ ಬಂದು ನೆಲೆಸಿದ ಜೀವಕ್ಕೆ ಜಾಗ ಕೊಟ್ಟು ಉಳಿದುಕೊಂಡಿತು. ಆ ಹುಲ್ಲನ್ನು ಬಿತ್ತಿದ ಬೀದಿಯಲ್ಲಿ ಅವನ ಬೆನ್ನಿನ ಡಬ್ಬಿಯ ಭಾರ ಸ್ವಲ್ಪವಾದರೂ ಇಳಿಯುತ್ತದೆ. ಈ ಮಾತಿನ ಉದ್ದೇಶವೂ ಅಷ್ಟೇ.